ಕೈಕೆಲಸದ ಒಡವೆ, ದಿನದ ವ್ಯಾಪಾರ: ಎರಡನ್ನೂ ಒಟ್ಟಿಗೆ ನಡೆಸುತ್ತಿರುವವರು ಹೇಳಿ

ಕುಸುರಿಬೆಳ್ಳಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಒಡವೆ ಕೆಲಸ ಬಲ್ಲವರು, ಅಂಗಡಿ ನಡೆಸಿದ ಅನುಭವ ಇರುವವರು ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ನನ್ನದೊಂದು ಸಣ್ಣ ಬೆಳ್ಳಿ ಅಂಗಡಿ ಇದೆ. ಮುಂದೆ ಕೌಂಟರ್, ನಡುವೆ ಪರದೆ, ಪರದೆಯ ಹಿಂದೆ ಕೆಲಸದ ಮೇಜು. ಬೇಲೂರು, ಹಳೇಬೀಡಿನ ಶಿಲ್ಪಗಳ ಮೈಮೇಲಿನ ಆಭರಣಗಳನ್ನು ನೋಡಿಕೊಂಡು ಅದೇ ಧಾಟಿಯಲ್ಲಿ ಓಲೆ, ಪದಕ, ತೋಳಬಂದಿ ಮಾಡಬೇಕೆಂಬುದು ನನ್ನ ಬಹುದಿನಗಳ ಹಂಬಲ. ಅಚ್ಚಿನಲ್ಲಿ ಎರಕ ಹೊಯ್ದ ಸಾಮಾನಲ್ಲ, ತಂತಿ ಎಳೆದು, ಸುತ್ತಿ, ರವೆ ಇಟ್ಟು ಬೆಸೆಯುವ ಕುಸುರಿ ಕೆಲಸ.

ರವೆ ಕೆಲಸ ನೋಡದವರಿಗಾಗಿ ಹೇಳುತ್ತೇನೆ. ಬೆಳ್ಳಿ ತಂತಿಯ ಚೂರುಗಳನ್ನು ಇದ್ದಿಲ ಪುಡಿಯಲ್ಲಿ ಹರಡಿ ಕಾಯಿಸಿದರೆ ಒಂದೊಂದು ಚೂರೂ ಕರಗಿ ತಾನೇ ಉರುಟಾಗುತ್ತದೆ. ಆ ಕಾಳುಗಳನ್ನು ಬಿಳಿಗಾರದ ನೀರಿನಲ್ಲಿ ಅದ್ದಿದ ಕುಂಚದ ತುದಿಯಿಂದ ಎತ್ತಿ ಪದಕದ ಅಂಚಿಗೆ ಸಾಲಾಗಿ ಕೂರಿಸಬೇಕು. ಆಮೇಲೆ ಉರಿ. ಅಪ್ಪಟ ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ. ತಾಮ್ರ ಬೆರೆತ 925 ಬೆಳ್ಳಿ, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಇರುವುದು, ಅದಕ್ಕಿಂತ ಎಷ್ಟೋ ಮೊದಲೇ ಕರಗತೊಡಗುತ್ತದೆ. ಬೆಸುಗೆ ಹರಿಯುವುದಕ್ಕೂ ರವೆಯೇ ಕುಸಿಯುವುದಕ್ಕೂ ನಡುವೆ ಸಿಗುವ ವೇಳೆ ಬಹಳ ಕಡಿಮೆ. ಸರಿಯಾಗಿ ಆ ಹೊತ್ತಿಗೆ ಕೌಂಟರಿನಿಂದ ಕರೆ ಬರುತ್ತದೆ: "ಮೇಡಂ, ಗೆಜ್ಜೆಯ ಕೊಂಡಿ ಹಾಕಿ ಕೊಡುತ್ತೀರಾ?"

ಗೆಜ್ಜೆಗೆ ಕೊಂಡಿ, ಕರಿಮಣಿ ಪೋಣಿಸುವುದು, ಕಾಲುಂಗುರ ಬಿಗಿ ಮಾಡುವುದು, ದೀಪಕ್ಕೆ ಪಾಲಿಷ್. ದಿನ ಕಳೆಯುವುದೇ ಇದರಲ್ಲಿ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿ ನೋಡಲು ಬಂದ ಪ್ರವಾಸಿಗರು. ಅವರು ನನ್ನ ಓಲೆಯನ್ನು ಕೈಗೆತ್ತಿಕೊಂಡು ಮೊದಲು ಕೇಳುವ ಮಾತು "ಎಷ್ಟು ಗ್ರಾಂ?" ಕೂಡಲೇ ಮೊಬೈಲ್ ತೆಗೆದು ಅಂದಿನ ದರಕ್ಕೆ ಗುಣಿಸುತ್ತಾರೆ. ದಿನಗಟ್ಟಲೆ ಕೂತು ಮಾಡಿದ ಓಲೆಗೂ, ಸೇಲಂನಿಂದ ಕಟ್ಟುಗಟ್ಟಲೆ ಬರುವ ಗೆಜ್ಜೆಗೂ ಒಂದೇ ತಕ್ಕಡಿ.

ಅಂಗಡಿಯನ್ನು ಅರ್ಧ ದಿನ ಮುಚ್ಚಲೇ? ರಿಪೇರಿ ಬೇಡವೆನ್ನಲೇ? ಹೊರಗಿನ ಮಾಲು ತಂದು ಮಾರಿ, ಕುಸುರಿ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಲೇ? ಎರಡರಲ್ಲಿ ಯಾವುದನ್ನೂ ಬಿಡುವ ಮನಸ್ಸು ನನಗಿಲ್ಲ.


ಒರೆಗಲ್ಲು, ಹಾಸನ

ತಂಗಿ, ನಾನು ಅಕ್ಕಸಾಲಿಗರ ಮನೆಯವನು. ಹಾಸನದಲ್ಲಿ ಅಪ್ಪ ಕೂತಿದ್ದ ಜಾಗದಲ್ಲೇ ನಾನೂ ಕೂತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ಮಾತು, ರಿಪೇರಿ ಬಿಡಬೇಡಿ. ಒಡವೆ ಎಲ್ಲಿ ಸೋಲುತ್ತದೆ ಎಂಬುದನ್ನು ತೋರಿಸುವುದು ಮುರಿದು ಬಂದ ಸಾಮಾನು ಮಾತ್ರ. ಜುಮುಕಿ ಬುಡದಲ್ಲಿ ಮುರಿಯುವುದಿಲ್ಲ, ಮೇಲಿನ ಕೊಂಡಿ ಸವೆದು ಕಳಚುತ್ತದೆ. ಕರಿಮಣಿ ಸರ ತುಂಡಾಗುವುದು ಗುಂಡಿನ ಪಕ್ಕದಲ್ಲಿ, ತಂತಿ ಬಾಗಿ ಬಾಗಿ ಬಳಲುವ ಕಡೆ. ತಿರುಪಿನ ಓಲೆಯಲ್ಲಿ ಮೊದಲು ಕೆಡುವುದು ತಿರುಪಿನ ಸುತ್ತು. ನಿಮ್ಮ ಹೊಯ್ಸಳ ಧಾಟಿಯ ಓಲೆ ಭಾರವಾಗಿಯೇ ಇರುತ್ತದೆ. ಕೆನ್ನೆ ಸರಪಳಿಗೆ ಭಾರ ಹಂಚದಿದ್ದರೆ ಹಾಕಿಕೊಂಡವರ ಕಿವಿ ಜಗ್ಗಿಹೋಗುತ್ತದೆ. ಶಿಲ್ಪಕ್ಕೆ ಆ ಚಿಂತೆಯಿಲ್ಲ, ಕಲ್ಲಿನ ಕಿವಿ ನೋಯುವುದಿಲ್ಲ. ನೀವು ಮಾಡುವುದು ಜೀವ ಇರುವ ಕಿವಿಗೆ.

ಎರಡನೆಯದು, ರಿಪೇರಿ ಬಂದ ಕೂಡಲೇ ಎದ್ದು ಮಾಡಿಕೊಡಬೇಡಿ. ಒಂದು ಚೀಟಿ ಬರೆದು, ತೂಕ ಹಾಕಿ, ಗಿರಾಕಿಯ ಮುಂದೆಯೇ ಪೊಟ್ಟಣ ಕಟ್ಟಿ ಡಬ್ಬಿಗೆ ಹಾಕಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ ಎಲ್ಲವನ್ನೂ ಒಟ್ಟಿಗೆ ಮುಗಿಸಿ. ಒಲೆ ಒಮ್ಮೆ ಹೊತ್ತಿಸಿದರೆ ಹತ್ತು ಬೆಸುಗೆ ಆಗುತ್ತದೆ. ಬಿಡಿಬಿಡಿಯಾಗಿ ಮಾಡಿದರೆ ಒಂದೊಂದಕ್ಕೂ ಹೊತ್ತಿಸಬೇಕು, ಆರಿಸಬೇಕು, ಕೈ ತೊಳೆದು ಬರಬೇಕು. ಮೂಗುತಿಯ ತಿರುಪು ಸಿಕ್ಕಿಕೊಂಡಿದೆ ಎಂದು ನೋವಿನಿಂದ ಬಂದವರನ್ನು ಮಾತ್ರ ಕಾಯಿಸಬೇಡಿ.

ಮೂರನೆಯದು, ದಿನವನ್ನು ಒಡೆಯುವ ಬದಲು ವರ್ಷವನ್ನು ಒಡೆಯಿರಿ. ನಮ್ಮ ಕಡೆ ವ್ಯಾಪಾರ ಪಂಚಾಂಗದ ಜೊತೆ ನಡೆಯುತ್ತದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ಬೆಳ್ಳಿಯ ಮುಖವಾಡ, ಕಳಶ, ದೀಪ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದರೆ ನಮ್ಮ ಊರಿನಲ್ಲಿ ಕಾಲಿಡಲು ಜಾಗವಿಲ್ಲ. ನಿಮ್ಮ ಕಡೆ ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಮುಗಿದು, ಬೆಳೆಗಾರರ ಕೈಗೆ ಹಣ ಬರುವ ಹೊತ್ತಿಗೆ ಮದುವೆಗಳು ಶುರುವಾಗುತ್ತವೆ. ಆಷಾಢ ಮತ್ತು ಧನುರ್ಮಾಸದಲ್ಲಿ ಯಾರೂ ಲಗ್ನ ಇಡುವುದಿಲ್ಲ, ಅಂಗಡಿಗೆ ಬರುವವರೂ ಕಡಿಮೆ. ದೊಡ್ಡ ಕೆಲಸಕ್ಕೆ ಆ ತಿಂಗಳುಗಳನ್ನು ಕಾಯ್ದಿರಿಸಿ. ನಮ್ಮಪ್ಪ ದೇವಸ್ಥಾನದ ಕಿರೀಟ, ಪ್ರಭಾವಳಿ ಒಪ್ಪಿಕೊಂಡರೆ ಆಷಾಢಕ್ಕೇ ಇಟ್ಟುಕೊಳ್ಳುತ್ತಿದ್ದರು.

ಇನ್ನೊಂದು ಮಾತು, ಕೇಳದಿದ್ದರೂ ಹೇಳಬೇಕಾದದ್ದು. ಪರದೆಯ ಹಿಂದೆ ಬೆಸುಗೆ ಹಾಕುತ್ತೇನೆ ಎಂದಿದ್ದೀರಿ. ಹೊಗೆ ಹೋಗಲು ಕಿಟಕಿ ಇದೆಯೇ? ನಿಮ್ಮ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯೇ ಎಂದು ಮಾರಿದವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಕೆಡಿಎಂ ಎಂದು ಜನ ಹೊಗಳಿ ಕೊಳ್ಳುತ್ತಿದ್ದದ್ದು ಅದನ್ನೇ. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಆವಿಯಾಗುತ್ತದೆ, ಆ ಆವಿ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಸತು ಬೆರೆತ ಬೆಸುಗೆ ತನ್ನಿ, ಹೊಗೆ ಎಳೆಯುವ ಫ್ಯಾನ್ ಹಾಕಿಸಿ. ಬಟ್ಟೆಯ ಪರದೆ ಉರಿಯ ಹತ್ತಿರ ಇರಲೇಬಾರದು.


ಮುತ್ತಿನೆಳೆ, ಸಕಲೇಶಪುರ

ಒರೆಗಲ್ಲು ಅಣ್ಣನವರ ಅನುಭವ ದೊಡ್ಡದು, ಆದರೂ ನಾನು ಒಪ್ಪುವುದಿಲ್ಲ. ನಾನು ಅಂಗಡಿ ಬಿಟ್ಟು ಮನೆಯಲ್ಲೇ ಆರ್ಡರ್ ಮೇಲೆ ಕೆಲಸ ಮಾಡುತ್ತೇನೆ. ಬಾಡಿಗೆಯಿಲ್ಲ, ಕರೆಂಟ್ ಬಿಲ್ ಕಡಿಮೆ, ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ಹಿಂದೆ ಅಕ್ಕಸಾಲಿಗರ ಮನೆಯಲ್ಲಿ ಕೌಂಟರಿಗೆ ಒಬ್ಬರು, ಮಣೆಗೆ ಒಬ್ಬರು ಇರುತ್ತಿದ್ದರು. ಅಪ್ಪ, ಮಗ, ಚಿಕ್ಕಪ್ಪ ಎಲ್ಲರೂ ಸೇರಿ ದುಡಿಯುತ್ತಿದ್ದರು. ಒಬ್ಬಳೇ ಹೆಂಗಸು ಎರಡೂ ಕಡೆ ಇರಬೇಕೆಂದರೆ ಯಾವ ಪಂಚಾಂಗವೂ ಅವಳನ್ನು ಕಾಯುವುದಿಲ್ಲ.

ಗ್ರಾಂ ಲೆಕ್ಕದ ಮಾತು ಬಂದಿತಲ್ಲ, ನಾನು ತೂಕ ಹೇಳಿ ಮಾರುವುದನ್ನೇ ನಿಲ್ಲಿಸಿದ್ದೇನೆ. ಒಂದು ಜೊತೆ ಓಲೆಗೆ ಒಂದು ಬೆಲೆ, ಅಷ್ಟೇ. ಚಿತ್ರ ಕೊಳ್ಳುವವರು ಬಣ್ಣದ ತೂಕ ಕೇಳುತ್ತಾರೆಯೇ?


ಕುಸುರಿಬೆಳ್ಳಿ, ಚಿಕ್ಕಮಗಳೂರು

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಅಣ್ಣಾ, ಕಿಟಕಿ ಇದೆ, ಫ್ಯಾನ್ ಇಲ್ಲ. ಈ ವಾರವೇ ಹಾಕಿಸುತ್ತೇನೆ. ಬೆಸುಗೆಯ ವಿಚಾರವನ್ನೂ ಕೇಳುತ್ತೇನೆ. ಆದರೆ ಆಷಾಢದಲ್ಲಿ ನಮ್ಮ ಊರು ಹಾಸನದಂತಲ್ಲ. ಮಳೆ ನೋಡಲೆಂದೇ ಜನ ಬರುತ್ತಾರೆ, ಶನಿವಾರ ಎಂ.ಜಿ. ರಸ್ತೆಯಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ಮಾತ್ರ ನೀವು ಹೇಳಿದ ಬಿಡುವು ಸಿಗಬಹುದು.

ಸಕಲೇಶಪುರದ ಅಕ್ಕಾ, ಅಂಗಡಿ ಬಿಡುವ ಯೋಚನೆ ನನಗೂ ಬಂದಿತ್ತು. ಆದರೆ ನನಗೆ ಕೌಂಟರ್ ಬೇಕು. ಹಳ್ಳಿಯಿಂದ ಬರುವ ಅಜ್ಜಿಯರ ಮೈಮೇಲೆ ನಾನು ನೋಡಿದ ಬುಗುಡಿ, ಅಡ್ಡಿಗೆ, ಕಾಸಿನ ಸರಗಳನ್ನು ಇನ್ನೆಲ್ಲೂ ನೋಡಿಲ್ಲ. ಒಬ್ಬರು ಬುಗುಡಿ ಸರಿ ಮಾಡಿಸಲು ಕೊಟ್ಟಿದ್ದರು. ಅದರ ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಸಣ್ಣ ಹೂವು ಕೊರೆದಿತ್ತು. ಮನೆಯಲ್ಲಿ ಕೂತಿದ್ದರೆ ಅದು ನನ್ನ ಕೈಗೆ ಬರುತ್ತಿರಲಿಲ್ಲ.


ಲೆಕ್ಕಪುಸ್ತಕ, ಹಾಸನ

ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವನು, ಒಡವೆ ಅಂಗಡಿಗಳ ಲೆಕ್ಕವೂ ಇದೆ. ಇಲ್ಲಿ ಎಲ್ಲರೂ ಸಮಯದ ಬಗ್ಗೆ ಮಾತನಾಡುತ್ತಿದ್ದೀರಿ. ನನಗೆ ಕಾಣುವುದು ಬೇರೆ: ಲೋಹದ ಹಣ ಮತ್ತು ಕೈಯ ಹಣ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿದೆ.

ಒಂದು ಪದಕ ಮಾರಿದಿರಿ ಎಂದುಕೊಳ್ಳಿ. ಬಂದ ಹಣದಲ್ಲಿ ಬೆಳ್ಳಿಯ ಪಾಲು ನಿಮ್ಮದಲ್ಲ, ಅದು ಮುಂದಿನ ಪದಕದ ಬೆಳ್ಳಿ. ಹಳೆಯ ವ್ಯಾಪಾರಿಗಳು ಮಾರಿದಷ್ಟು ತೂಕವನ್ನು ಅಂದೇ ಕೊಂಡು ಇಡುತ್ತಾರೆ. ದರ ಏರಲಿ, ಇಳಿಯಲಿ, ಅಂಗಡಿಯಲ್ಲಿನ ತೂಕ ಅಷ್ಟೇ ಉಳಿಯುತ್ತದೆ. ಲೋಹದ ಹಣದಲ್ಲಿ ಬಾಡಿಗೆ ಕಟ್ಟಿದವರ ಅಂಗಡಿ ದರ ಏರಿದ ವರ್ಷ ಬರಿದಾಗುತ್ತದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ ಚಿನ್ನ ಲಕ್ಷ ರೂಪಾಯಿ ಮುಟ್ಟಿತು, ಅದೇ ವರ್ಷ ಬೆಳ್ಳಿಯೂ ಅದರ ಬೆನ್ನಿಗೇ ಓಡಿತು. ಕೈಯಲ್ಲಿ ತೂಕ ಇದ್ದವರು ಉಳಿದರು.

ಮಜೂರಿಯನ್ನು ಶೇಕಡಾ ಲೆಕ್ಕದಲ್ಲಿ ಹಾಕಬೇಡಿ. ಬೆಳ್ಳಿ ದರ ಏರಿದ ದಿನ ನೀವೇನೂ ಹೆಚ್ಚು ದುಡಿದಿರುವುದಿಲ್ಲ, ಇಳಿದ ದಿನ ಕಡಿಮೆ ದುಡಿದಿರುವುದೂ ಇಲ್ಲ. ಹಗುರವಾದಷ್ಟೂ ಕುಸುರಿ ಹೆಚ್ಚು, ಆದರೆ ಶೇಕಡಾ ಲೆಕ್ಕದಲ್ಲಿ ಹಗುರವಾದಷ್ಟೂ ಕೂಲಿ ಕಡಿಮೆ. ಇದು ನಿಮ್ಮ ಕೆಲಸಕ್ಕೆ ನೇರ ಹೊಡೆತ. ಗಂಟೆಗೆ ಇಷ್ಟು ಎಂದು ಗೊತ್ತು ಮಾಡಿ, ಪ್ರತಿ ಒಡವೆಗೂ ಹಿಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆಯಿರಿ. ಸವಕಳಿಯನ್ನೂ ಅರದ ಪುಡಿ ತೂಗಿ ಲೆಕ್ಕ ಹಾಕಿ, ಅಂದಾಜಿನಲ್ಲಿ ಬೇಡ.

ಕಾನೂನಿನ ಮಾತು ಚುಟುಕಾಗಿ. ಒಡವೆಗೆ ಜಿಎಸ್‌ಟಿ ಶೇ. 3. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ರಿಪೇರಿಯಂಥ ಸೇವೆಯೂ ಇದ್ದರೆ 20 ಲಕ್ಷ. ಈ ವಹಿವಾಟಿನಲ್ಲಿ ಲೋಹದ ಬೆಲೆಯೂ ಸೇರುವುದರಿಂದ ದರ ಏರಿದಾಗ ಲಾಭ ಹೆಚ್ಚದೆಯೂ ಮಿತಿ ಹತ್ತಿರವಾಗುತ್ತದೆ, ತಿಂಗಳು ತಿಂಗಳು ನೋಡುತ್ತಿರಿ. ಚಿನ್ನಕ್ಕೆ 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಯಾದ, ಆರು ಅಂಕಿ ಅಕ್ಷರಗಳ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ ಇರುವ ಹಾಲ್‌ಮಾರ್ಕ್ ಕಡ್ಡಾಯ. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಅದೇ ಬಗೆಯ ಗುರುತು ಬಂದಿದೆ, ಆದರೆ ಸ್ವಯಂಪ್ರೇರಿತವಾಗಿ. ಕುಸುರಿ ಕೆಲಸದಲ್ಲಿ ಬೆಸುಗೆಯ ಪಾಲು ಹೆಚ್ಚಿದರೆ ಶುದ್ಧತೆ 925ಕ್ಕಿಂತ ಕೆಳಗಿಳಿಯಬಹುದು, ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಬಂಡವಾಳ ಬೇಕಿದ್ದರೆ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. 18 ಕಸುಬುಗಳಲ್ಲಿ ಅಕ್ಕಸಾಲಿಗರ ಕಸುಬೂ ಇದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಅಡಮಾನವಿಲ್ಲದೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ, ಬಡ್ಡಿ ಶೇ. 5. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.


ಕುಸುರಿಬೆಳ್ಳಿ, ಚಿಕ್ಕಮಗಳೂರು

ಸರ್, ಬಿಲ್ಲಿನಲ್ಲಿ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆದರೆ ಗಿರಾಕಿಗಳು ಅಲ್ಲಿಗೇ ಕೈ ಹಾಕುತ್ತಾರೆ. "ಬೆಳ್ಳಿಯೇ ಇಷ್ಟು, ಕೂಲಿ ಅದಕ್ಕಿಂತ ಹೆಚ್ಚೇ?" ಎಂಬ ಮಾತಿಗೆ ಏನು ಹೇಳಲಿ?


ತೋಟದಮನೆ, ಮೂಡಿಗೆರೆ

ಕೊಳ್ಳುವವಳಾಗಿ ಹೇಳುತ್ತೇನೆ. ನಾವು ತೂಕ ಕೇಳುವುದು ಕೆಲಸಕ್ಕೆ ಬೆಲೆ ಕೊಡಬಾರದೆಂದು ಅಲ್ಲ. ಕಾಫಿ, ಮೆಣಸಿನ ದರ ಬಿದ್ದ ವರ್ಷ ಮನೆಯ ಕಷ್ಟಕ್ಕೆ ಮೊದಲು ಹೊರಬರುವುದೇ ಒಡವೆ. ಅಡವಿಟ್ಟರೆ ಎಷ್ಟು, ಕೊಟ್ಟರೆ ಎಷ್ಟು ಎಂಬುದು ತಿಳಿಯದೆ ಹೆಂಗಸರು ಒಡವೆ ಕೊಳ್ಳುವುದಿಲ್ಲ. ನನ್ನ ಅತ್ತೆಯವರೂ ಹಾಗೆಯೇ, ನಾನೂ ಹಾಗೆಯೇ. ತೂಕ ಮುಚ್ಚಿಟ್ಟರೆ ನಮಗೆ ಅನುಮಾನ ಬರುತ್ತದೆ.

ಆದರೆ ಕೆಲಸ ಹೇಗೆ ನಡೆಯುತ್ತದೆಂದು ತೋರಿಸಿ. ಮೇಲೆ ನೀವು ಬರೆದ ರವೆಯ ವಿವರ ಓದಿದ ಮೇಲೆ ನನ್ನ ಓಲೆಯನ್ನು ತೆಗೆದು ನೋಡಿದೆ, ಎಲ್ಲ ಕಾಳುಗಳೂ ಒಂದೇ ಅಳತೆ, ಒಂದೇ ಅಚ್ಚು. ಇಷ್ಟು ವರ್ಷ ಅದನ್ನು ಕೈಕೆಲಸ ಎಂದುಕೊಂಡಿದ್ದೆ. ವ್ಯತ್ಯಾಸ ಗೊತ್ತಿದ್ದರೆ ಕೂಲಿ ಕೊಡುತ್ತಿದ್ದೆ.


ಮುತ್ತಿನೆಳೆ, ಸಕಲೇಶಪುರ

ಮೂಡಿಗೆರೆಯವರ ಮಾತು ನ್ಯಾಯವಾಗಿದೆ. ತೂಕ ಹೇಳುವುದಿಲ್ಲ ಎಂಬ ನನ್ನ ಕ್ರಮ ಬೆಂಗಳೂರಿನ ಗಿರಾಕಿಗಳಿಗೆ ನಡೆಯುತ್ತದೆ, ಅವರು ಅಡವಿಡುವ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ನಮ್ಮ ಊರಿನವರಿಗೆ ಬೇರೆ ದಾರಿಯೇ ಬೇಕು. ಒಡವೆಯ ಮೇಲೆ ಒಂದೇ ಬೆಲೆ ಇರಲಿ, ಬಿಲ್ಲಿನಲ್ಲಿ ತೂಕ ಮತ್ತು ಶುದ್ಧತೆ ಇರಲಿ, ಹಿಂದಿರುಗಿಸಿದರೆ ಅಂದಿನ ಬೆಳ್ಳಿ ದರ ಕೊಡುತ್ತೇನೆ ಎಂದು ಬರೆದುಕೊಡಿ.


ದರ್ಪಣ, ಬೇಲೂರು

ತಡವಾಗಿ ಸೇರುತ್ತಿದ್ದೇನೆ. ನನ್ನದು ಕಲ್ಲಿನ ಕೆಲಸ, ಲೋಹದ್ದಲ್ಲ. ಆದರೆ ಈ ಅಕ್ಕ ನೋಡುತ್ತಿರುವ ಆಭರಣಗಳನ್ನೇ ನಾನೂ ದಿನಾ ನೋಡುತ್ತೇನೆ.

ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪೇಟೆಯಲ್ಲಿ ಹೊಯ್ಸಳ ಹೆಸರಿನ ಒಡವೆಗಳು ಹೆಚ್ಚಾಗಿ ಕಾಣುತ್ತಿವೆ. ಹೆಚ್ಚಿನವು ಚಿತ್ರ ನೋಡಿ ಗೆರೆ ಎಳೆದು ಕಪ್ಪು ಬಳಿದವು. ಶಿಲಾಬಾಲಿಕೆಯ ಎದುರು ನಿಂತು ನೋಡಿದರೆ ಬೇರೆ ಪಾಠ ಸಿಗುತ್ತದೆ. ಅಲ್ಲಿ ಮುತ್ತಿನ ಎಳೆ ಎದೆಗೆ ಅಂಟಿಕೊಂಡಿಲ್ಲ, ಎಳೆಯ ಹಿಂದಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೃದು, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಹಾಗಾಗಿ ಅಷ್ಟು ಒಳಕ್ಕೆ ಉಳಿ ಹೋಗಲು ಸಾಧ್ಯವಾಯಿತು. ಅಲ್ಲಿ ಕಾಣುವ ಕಪ್ಪು ನಿಜವಾದ ನೆರಳು. ನೀವು ಬೆಳ್ಳಿಯನ್ನು ಮದ್ದಿನಲ್ಲಿ ಅದ್ದಿ ಕಪ್ಪು ಮಾಡುವ ಬದಲು ಎರಡು ಪದರಗಳ ನಡುವೆ ಸ್ವಲ್ಪ ಅಂತರ ಬಿಟ್ಟು ಬೆಸೆದು ನೋಡಿ. ಬೆಳಕು ಬಿದ್ದ ಕಡೆಯೆಲ್ಲ ಆ ಅಂತರವೇ ಗೆರೆ ಬರೆಯುತ್ತದೆ. ಅಚ್ಚಿನ ಮಾಲು ಇದನ್ನು ಸುಲಭವಾಗಿ ಅನುಕರಿಸಲಾರದು.

ಇನ್ನೊಂದು, ನಿಮ್ಮ ಗುರುತು ಹಾಕಿ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೆಲ್ಲರ ಹೆಸರು ನಮಗೆ ಗೊತ್ತಿರುವುದು ಅವರು ಮಾಡಿದ ಶಿಲ್ಪದ ಬುಡದಲ್ಲಿ ಹೆಸರು ಕೊರೆದದ್ದರಿಂದ. ಅರಮನೆಯ ಕೆಲಸದಲ್ಲೇ ಹೆಸರು ಹಾಕಿದ್ದಾರೆ, ನಿಮ್ಮ ಪದಕದ ಹಿಂದೆ ಎರಡು ಅಕ್ಷರ ಇದ್ದರೆ ತಪ್ಪೇನು?

ನಕಲಿನ ಭಯ ಇದ್ದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. ಹತ್ತು ವರ್ಷ ರಕ್ಷಣೆ, ಮತ್ತೆ ಐದು ವರ್ಷ ವಿಸ್ತರಣೆ. ಒಂದು ಎಚ್ಚರ: ಮೊದಲು ಅರ್ಜಿ, ಆಮೇಲೆ ಮೊಬೈಲಿನಲ್ಲಿ ಫೋಟೋ. ಹೊರಗೆ ಪ್ರಕಟವಾದ ವಿನ್ಯಾಸವನ್ನು ಹೊಸದೆಂದು ಒಪ್ಪುವುದಿಲ್ಲ. ದೇವಸ್ಥಾನದ ಮಕರ, ಕೀರ್ತಿಮುಖಗಳು ಎಲ್ಲರ ಸೊತ್ತು. ಅವನ್ನು ನೀವು ಜೋಡಿಸಿದ ಬಗೆ ಮಾತ್ರ ನಿಮ್ಮದು.


ಮಳೆನಾಡು, ಕೊಪ್ಪ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಳೆಗಾಲದಲ್ಲಿ ಬೆಳ್ಳಿ ಕಪ್ಪಾಗುವುದಕ್ಕೆ ಏನು ಮಾಡುತ್ತೀರಿ? ಗಿರಾಕಿಗಳು ಕಲಬೆರಕೆ ಎನ್ನುತ್ತಾರೆ.


ಕುಸುರಿಬೆಳ್ಳಿ, ಚಿಕ್ಕಮಗಳೂರು

ಕಲಬೆರಕೆಯಲ್ಲ, ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಗೆ ತಾಗಿದರೆ ಕಪ್ಪಾಗುತ್ತದೆ. ತೇವ ಇದ್ದರೆ ಬೇಗ. ರಬ್ಬರ್ ಬ್ಯಾಂಡ್ ಸುತ್ತಿ ಇಡಲೇಬೇಡಿ, ಅದರಲ್ಲೇ ಗಂಧಕ ಇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿದರೆ ಬಹುಕಾಲ ಬಿಳಿಯಾಗಿರುತ್ತದೆ. ಬಿಲ್ಲಿನ ಜೊತೆ ಇದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಡಿ, ಅನುಮಾನ ಹೋಗುತ್ತದೆ.

ಇನ್ನು ನನ್ನ ವಿಷಯ. ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಅಂಗಡಿ ಇರುತ್ತದೆ, ರಿಪೇರಿಯೂ ಇರುತ್ತದೆ. ರಿಪೇರಿಯನ್ನು ಯಾವ ದಿನ ಬೇಕಾದರೂ ಪಡೆಯುತ್ತೇನೆ, ಹಿಂದಿರುಗಿಸುವುದು ಗುರುವಾರ ಮಾತ್ರ. ಸೋಮವಾರ ಮತ್ತು ಮಂಗಳವಾರ ಮಧ್ಯಾಹ್ನದವರೆಗೆ ಬಾಗಿಲು ಅರ್ಧ ಎಳೆದಿರುತ್ತದೆ, ಫಲಕದಲ್ಲಿ "ಒಳಗೆ ಬೆಸುಗೆ ಕೆಲಸ ನಡೆಯುತ್ತಿದೆ, ಮಧ್ಯಾಹ್ನ ಬನ್ನಿ" ಎಂದಿರುತ್ತದೆ. ಪರದೆ ತೆಗೆಸಿ ಗಾಜು ಹಾಕಿಸಲು ಮಾತನಾಡಿದ್ದೇನೆ. ಉರಿಯ ಅಪಾಯ ತಪ್ಪುತ್ತದೆ, ಕೆಲಸವೂ ಗಿರಾಕಿಗಳಿಗೆ ಕಾಣುತ್ತದೆ. ಮೂಡಿಗೆರೆಯ ಅಕ್ಕನವರ ಮಾತು ಇಲ್ಲದಿದ್ದರೆ ಗಾಜಿನ ಯೋಚನೆ ಹೊಳೆಯುತ್ತಿರಲಿಲ್ಲ.

ಬೆಲೆಯ ವಿಷಯದಲ್ಲಿ ಸಕಲೇಶಪುರದ ಅಕ್ಕ ಕೊನೆಗೆ ಹೇಳಿದ ಕ್ರಮವೇ ಸರಿ ಎನಿಸಿತು. ಒಡವೆಯ ಚೀಟಿಯಲ್ಲಿ ಒಂದೇ ಬೆಲೆ, ಬಿಲ್ಲಿನಲ್ಲಿ ತೂಕ, ಶುದ್ಧತೆ, ಹಿಂದಿರುಗಿಸುವ ಕರಾರು. ಗಂಟೆಗಳ ಲೆಕ್ಕ ನನ್ನ ಪುಸ್ತಕದಲ್ಲಿ ಇರುತ್ತದೆ, ಕೇಳಿದವರಿಗೆ ತೋರಿಸುತ್ತೇನೆ. ಕೂಲಿ ಬೆಳ್ಳಿಗಿಂತ ಹೆಚ್ಚಾದರೆ ಹೆಚ್ಚು ಎಂದೇ ಹೇಳುತ್ತೇನೆ. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಲೋಹದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯುತ್ತಿದ್ದೇನೆ.

ಬೇಲೂರಿನವರು ಹೇಳಿದ ಎರಡು ಪದರದ ಬೆಸುಗೆಯನ್ನು ಒಂದು ಕರ್ಣಕುಂಡಲದಲ್ಲಿ ಶುರು ಮಾಡಿದ್ದೇನೆ. ಕೆಳಗಿನ ಪದರ ಬೆಸೆದ ಮೇಲೆ ಮೇಲಿನದನ್ನು ಕಾಯಿಸುವಾಗ ಮೊದಲ ಬೆಸುಗೆ ಬಿಡುತ್ತಿದೆ. ಒರೆಗಲ್ಲು ಅಣ್ಣಾ, ಇದಕ್ಕೆ ಏನು ದಾರಿ?


ಒರೆಗಲ್ಲು, ಹಾಸನ

ಎರಡಕ್ಕೂ ಒಂದೇ ಬೆಸುಗೆ ಬಳಸುತ್ತಿದ್ದೀರಿ ಎನಿಸುತ್ತದೆ. ಮೊದಲ ಪದರಕ್ಕೆ ಗಟ್ಟಿ ಬೆಸುಗೆ, ಬೆಳ್ಳಿಯ ಪಾಲು ಹೆಚ್ಚಿರುವುದು, ಹೆಚ್ಚು ಶಾಖಕ್ಕೆ ಕರಗುವುದು. ಎರಡನೆಯದಕ್ಕೆ ಅದಕ್ಕಿಂತ ಮೆದುವಾದದ್ದು. ಮೊದಲ ಬೆಸುಗೆಯ ಮೇಲೆ ಕಾವಿಮಣ್ಣನ್ನು ನೀರಿನಲ್ಲಿ ಕಲಸಿ ಹಚ್ಚಿ ಒಣಗಿಸಿ, ಅಲ್ಲಿ ಬೆಸುಗೆ ಹರಿಯುವುದಿಲ್ಲ. ಉರಿಯನ್ನು ಒಂದೇ ಕಡೆ ಹಿಡಿಯದೆ ಇಡೀ ತುಂಡನ್ನು ಸಮನಾಗಿ ಕಾಯಿಸಿ. ಮುಗಿದ ಮೇಲೆ ಫೋಟೋ ಕಳುಹಿಸಿ. ಮುಂಭಾಗದ್ದು ಬೇಡ, ಹಿಂಬದಿಯ ಬೆಸುಗೆ ಕಾಣುವಂತೆ ಇರಲಿ.